ಯಾರ ಕೈ ತೂರುತ್ತೋ ಅವರ ಕೆಲಸ

ದೋಣಿಯ ಪಾಯಖಾನೆಯ ಪೈಪನ್ನು ಶುಚಿ ಮಾಡಲು ಒಂದೇ ದಾರಿ: ಬಿಚ್ಚಿ ಹೊರಗೆ ತಂದು, ಬಟ್ಟೆ ಒಗೆದ ಹಾಗೆ ಸಿಮೆಂಟ್ ನೆಲಕ್ಕೆ ಬಡಿಯುವುದು. ಉಪ್ಪುನೀರೂ ಉಚ್ಚೆಯೂ ಕೂಡಿ ವರ್ಷಗಟ್ಟಲೆ ಒಳಗೋಡೆಗೆ ಕಟ್ಟಿದ ಗಾರೆ ಹತ್ತು ಏಟಿಗೆ ಸಡಿಲಾಗಿ, ಮೊಟ್ಟೆಯ ಚಿಪ್ಪಿನ ಹಾಗೆ ಚೂರುಚೂರಾಗಿ ಪೈಪಿನ ಬಾಯಿಂದ ಸುರಿಯುತ್ತದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಂಡು ನಿಲ್ಲಬೇಕು. ನಿಂತರೂ ಅಷ್ಟೇ, ವಾಸನೆ ಎರಡು ದಿನ ಕೂದಲಲ್ಲಿ ಉಳಿಯುತ್ತದೆ.

ಆ ಭಾನುವಾರ ಬೆಳಿಗ್ಗೆ ದೋಣಿ ಯಾರ್ಡಿನಲ್ಲಿ ಹೀಗೆ ಪೈಪು ಬಡಿಯುತ್ತಿದ್ದವಳನ್ನು ಎಲ್ಲರೂ ಕರೆಯುವುದು ಇಲಿ ಎಂದು. ಮೂವತ್ತೆಂಟು ವರ್ಷದ ಹೆಂಗಸು. ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ಶುಚಿ ಮಾಡುವ ಕೆಲಸ. ವಾರವಿಡೀ ಜನರ ಬಾಯೊಳಗೆ ಗಾರೆ ಕೆರೆಯುತ್ತಾಳೆ, ಭಾನುವಾರ ದೋಣಿಯ ಕರುಳೊಳಗೆ ಕೆರೆಯುತ್ತಾಳೆ. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ದೋಣಿ ನೋವು ಅನ್ನುವುದಿಲ್ಲ ಅಷ್ಟೇ ಎಂಬುದು ಅವಳದೇ ಮಾತು.

“ಸ್ವಲ್ಪ ಆ ಕಡೆ ಹೋಗಿ ಬಡಿಯೇ!” ಮರದ ಆಧಾರಗಳ ಮೇಲೆ ನಿಲ್ಲಿಸಿದ್ದ ದೋಣಿಯ ಮೇಲಿನಿಂದ ಅಣ್ಣ ಕೂಗಿದ. “ವಾರ್ನಿಷ್ ಇನ್ನೂ ಹಸಿ ಇದೆ. ಧೂಳು ಕೂತ್ರೆ ಹೋಯ್ತು.”

“ಇದು ಧೂಳಲ್ಲ ಕಣೋ. ನಿಂದೇ. ಹೋದ ವರ್ಷದ್ದು.”

“ಥೂ, ಏನ್ ಬಾಯಿನೇ ನಿಂದು!”

“ಬಾಯಿ ವಿಷಯ ನಂಗೆ ಹೇಳ್ಬೇಡ. ಅದು ನನ್ ಡಿಪಾರ್ಟ್‌ಮೆಂಟು.”

ಅಣ್ಣ ದೋಣಿಯ ಅಂಚಿನಲ್ಲಿ ದಿಂಬು ಹಾಕಿಕೊಂಡು ಕುಳಿತು ಮರದ ಪಟ್ಟಿಗೆ ವಾರ್ನಿಷ್ ಎಳೆಯುತ್ತಿದ್ದ. ಅವನದು ಮನೆ ಮಾರಿಸುವ ದಲ್ಲಾಳಿ ಕೆಲಸ. ಸೋರುವ ಮನೆಗೂ ಒಂದು ಕೋಟ್ ಬಣ್ಣ ಹೊಡೆಸಿ, ಬಾಗಿಲಿಗೆ ಹೊಸ ಹಿಡಿ ಹಾಕಿಸಿ, ಕಿಟಕಿ ತೆರೆದು ನಿಲ್ಲುವ ಕಲೆ ಅವನಿಗೆ ಕರತಲಾಮಲಕ. ಅವನ ಕೈಯಲ್ಲಿ ಬ್ರಷ್ ಚೆನ್ನಾಗಿ ಆಡುತ್ತದೆ, ಅದನ್ನು ಇಲಿಯೂ ಒಪ್ಪುತ್ತಾಳೆ. ಎರಡು ಗಂಟೆಯಿಂದ ಬಳಿಯುತ್ತಿದ್ದರೂ ಅವನ ಬಿಳಿ ಅಂಗಿಯ ಮೇಲೆ ಒಂದು ಹನಿ ಬಿದ್ದಿರಲಿಲ್ಲ.

ಈ ಕೆಲಸದ ಹಂಚಿಕೆ ಇಂದು ನಿನ್ನೆಯದಲ್ಲ. ದೋಣಿ ಅಪ್ಪನದು. ಹಡಗುಕಟ್ಟೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ, ಯಾರೋ ಬಿಟ್ಟುಹೋಗಿದ್ದ ಹಾಯಿದೋಣಿಯನ್ನು ತಂದು ಹದಿನಾಲ್ಕು ತಿಂಗಳು ತಿಕ್ಕಿ ತೇಲಿಸಿದ್ದರು. ಅವರ ಕಾನೂನು ಒಂದೇ: “ಯಾರ ಕೈ ತೂರುತ್ತೋ ಅವರ ಕೆಲಸ.” ದೋಣಿಯೊಳಗೆ ಬಹುಪಾಲು ಜಾಗ ಒಂದು ಗೇಣು ಅಗಲದ್ದು. ಏಳು ವರ್ಷದ ಮಗಳ ಕೈ ಎಲ್ಲೆಡೆ ತೂರುತ್ತಿತ್ತು. ಇಂಜಿನ್ನಿನ ಹಿಂದಿನ ಎಣ್ಣೆ ಮಡ್ಡಿ, ತಳದಲ್ಲಿ ನಿಂತು ಕೊಳೆತ ನೀರು, ನೀರಿನ ತೊಟ್ಟಿಯ ಲೋಳೆ, ಎಲ್ಲವೂ ಅವಳ ಪಾಲಿಗೆ ಬಂತು. ಕಾಲು ಹಿಡಿದು ತಲೆಕೆಳಗಾಗಿ ಇಳಿಸುತ್ತಿದ್ದರು. “ಇಲಿ ಕಣಮ್ಮ ನೀನು” ಎಂದು ಅಪ್ಪ ಹೆಮ್ಮೆಯಿಂದಲೇ ಅನ್ನುತ್ತಿದ್ದರು. ಅದೇ ನಿಂತಿತು. ಅಣ್ಣನ ಭುಜ ಆಗಲೇ ಅಗಲ. ಅವನು ಮೇಲೆ.

ಮೇಲಿದ್ದವನಿಗೆ ಹನ್ನೊಂದನೇ ವಯಸ್ಸಿಗೆ ಚುಕ್ಕಾಣಿ ಸಿಕ್ಕಿತು.

ಇಲಿಗೆ ಬೇಕಿದ್ದದ್ದು ಅದೊಂದೇ. ತೆರೆದ ಕಡಲಿನಲ್ಲಿ, ಅಣ್ಣ ತಿಂಡಿ ತಿನ್ನುವಾಗ, ಹತ್ತು ನಿಮಿಷ ಹಿಡಿದಿದ್ದಳು. ಅದು ಲೆಕ್ಕಕ್ಕಿಲ್ಲ. ಅಲ್ಲಿ ಯಾರು ಹಿಡಿದರೂ ದೋಣಿ ಹೋಗುತ್ತದೆ. ಬಂದರಿನ ಬಾಯಿ ದಾಟಿಸಬೇಕು. ಎರಡು ಕಲ್ಲಿನ ಗೋಡೆ, ನಡುವೆ ಮೂರು ದೋಣಿ ಅಗಲದ ಸಂದು, ಒಳಗೆ ನುಗ್ಗುವ ನೀರು, ಗೋಡೆಗೆ ಬಡಿದು ಅಡ್ಡ ತಿರುಗುವ ಗಾಳಿ. ಅಲ್ಲಿ ಚುಕ್ಕಾಣಿ ಹಿಡಿದವರನ್ನೇ ಯಾರ್ಡಿನ ಜನ ದೋಣಿಯವರು ಅನ್ನುವುದು. ಉಳಿದವರು ಸಾಮಾನು. ಮೂವತ್ತೊಂದು ವರ್ಷದಲ್ಲಿ ಇಲಿ ಕಡಲಿಗಿಂತ ಹೆಚ್ಚಾಗಿ ನೋಡಿದ್ದು ದೋಣಿಯ ಹೊಟ್ಟೆಯನ್ನು.

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ದೋಣಿ ಇಬ್ಬರ ಹೆಸರಿಗೆ ಬಂದಿತ್ತು. ಆದರೂ ಎರಡು ಸಲವೂ ಅಣ್ಣನೇ ಬಾಯಿ ದಾಟಿಸಿದ. ಒಮ್ಮೆ ಗಾಳಿ ಜೋರಿತ್ತು, ಇನ್ನೊಮ್ಮೆ ಅತ್ತಿಗೆಯ ತಮ್ಮ ಬಂದಿದ್ದ. ಈ ವರ್ಷ ಮಾತ್ರ ಅಮ್ಮ, ಅತ್ತಿಗೆ ಇಬ್ಬರ ಎದುರಿಗೇ ಊಟದ ಮೇಜಿನಲ್ಲಿ ಹೇಳಿದ್ದ: “ಈ ಸಲ ಇಲಿನೇ ತಗೊಂಡು ಹೋಗ್ಲಿ. ಆದ್ರೆ ಒಳಗಿನ ಕೆಲಸ ಶನಿವಾರಕ್ಕೆ ಮುಗೀಬೇಕು ನೋಡು.”

ಅಂದಿನಿಂದ ಅವಳು ರಜಾದಿನ ಅನ್ನುವುದನ್ನು ಕಂಡಿರಲಿಲ್ಲ.

ಯಾರ್ಡಿಗೆ ಕ್ರೇನು ಬರುವುದು ವರ್ಷಕ್ಕೆ ಎರಡೇ ದಿನ. ಒಂದು ಶನಿವಾರ ಬಂದು ಎಲ್ಲ ದೋಣಿಗಳನ್ನೂ ನೀರಿಗೆ ಇಳಿಸುತ್ತದೆ, ಆರು ತಿಂಗಳ ಮೇಲೆ ಇನ್ನೊಂದು ಶನಿವಾರ ಎತ್ತಿ ದಡಕ್ಕೆ ಇಡುತ್ತದೆ. ಇಳಿಯುವ ದಿನ ತಪ್ಪಿದರೆ ಆ ವರ್ಷ ದೋಣಿ ಒಣನೆಲದಲ್ಲೇ. ಇಳಿದ ದೋಣಿ ಅಂದೇ ಬಂದರಿನ ಬಾಯಿ ದಾಟಿ ಒಂದು ಸುತ್ತು ಹೋಗಿ ಬರಬೇಕು, ಅದು ಯಾರ್ಡಿನ ರೂಢಿ. ಯಾವ ದೋಣಿ ಎಷ್ಟು ಹೊತ್ತಿಗೆ, ಚುಕ್ಕಾಣಿ ಯಾರದು ಎಂದು ಯಾರ್ಡಿನ ಮೇಸ್ತ್ರಿ ಗೇಟಿನ ಹತ್ತಿರದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಬಂದಾಗ ಇಲಿ ಹಲಗೆ ನೋಡಿದಳು. ಹನ್ನೊಂದು ಗಂಟೆಯ ಸಾಲಿನಲ್ಲಿ, ಮೇಸ್ತ್ರಿಯ ಕೋಳಿ ಕೆದರಿದಂಥ ಅಕ್ಷರದಲ್ಲಿ, ‘ಇಲಿ’ ಎಂದಿತ್ತು.

“ಪೂರ್ತಿ ಹೆಸರು ಬರೀಬೇಕಿತ್ತು ಮೇಸ್ತ್ರಿ.”

“ಪೂರ್ತಿ ಹೆಸರು ಯಾರಿಗಮ್ಮ ಗೊತ್ತು?” ಮೇಸ್ತ್ರಿ ಕಿವಿಯ ಮೇಲಿಂದ ಸೀಮೆಸುಣ್ಣ ತೆಗೆದ. “ಹೇಳು, ಬರೀತೀನಿ.”

“ಬೇಡ ಬಿಡಿ. ಇದೇ ಇರ್ಲಿ.”

ಉಳಿದಿದ್ದದ್ದು ಒಂದೇ ಕೆಲಸ. ಬಡಿದು ತೊಳೆದ ಪೈಪನ್ನು ತಳದ ವಾಲ್ವಿಗೆ ಮತ್ತೆ ಜೋಡಿಸಬೇಕು. ಪಾಯಖಾನೆಯ ನೀರು ಕಡಲಿಗೆ ಹೋಗುವ ತೂತು ಅದು, ದೋಣಿಯ ತಳದಲ್ಲೇ ಇದೆ, ಮೇಲೆ ಮುಷ್ಟಿಗಾತ್ರದ ಹಿತ್ತಾಳೆ ವಾಲ್ವು. ತಲುಪಬೇಕಾದರೆ ಮಗ್ಗುಲಾಗಿ ಮಲಗಿ, ತಲೆಯನ್ನು ಕೈತೊಳೆಯುವ ಬೋಗುಣಿಯ ಕೆಳಗೆ ಸಿಕ್ಕಿಸಿ, ಎಡಗೈಯನ್ನು ಪಂಪಿನ ಹಿಂದಿನಿಂದ ಬಳಸಿ ತರಬೇಕು. ಕಣ್ಣಿಗೆ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಹಿಂದಿನ ದವಡೆ ನೋಡುವ ಪುಟ್ಟ ಕನ್ನಡಿಯನ್ನು ಇಲಿ ಇದಕ್ಕೆಂದೇ ಜೇಬಿನಲ್ಲಿಟ್ಟುಕೊಂಡಿರುತ್ತಾಳೆ. ಗಾರೆ ಕೆರೆಯುವ ಸಪುರ ಕಂಬಿಯೂ ಜೊತೆಗಿರುತ್ತದೆ.

ಪೈಪು ಕೂರಿಸಿದಳು, ಅದರ ಸುತ್ತ ಲೋಹದ ಪಟ್ಟಿ ಬಿಗಿದಳು. ಬಿಗಿಯುವಾಗ ಸ್ಕ್ರೂಡ್ರೈವರ್ ಜಾರಿ ವಾಲ್ವಿನ ಕುತ್ತಿಗೆಯನ್ನು ಗೀರಿತು. ಕನ್ನಡಿ ಹಿಡಿದು ನೋಡಿದರೆ ಗೀರು ಹಳದಿಯಾಗಿರಲಿಲ್ಲ. ಗುಲಾಬಿಯಾಗಿತ್ತು.

ಕಂಬಿಯ ತುದಿಯನ್ನು ಅಲ್ಲಿಟ್ಟು ಮೆಲ್ಲಗೆ ಒತ್ತಿದಳು. ಲೋಹ ತಡೆಯಬೇಕಿತ್ತು. ತಡೆಯಲಿಲ್ಲ. ಹುಳುಕು ಹಲ್ಲಿನೊಳಗೆ ಇಳಿದ ಹಾಗೆ ಇಳಿಯಿತು. ಹೊರಗೆಳೆದರೆ ತುದಿಯಲ್ಲಿ ಗುಲಾಬಿ ಪುಡಿ.

ಅಪ್ಪ ಹೇಳುತ್ತಿದ್ದದ್ದು ಅವಳಿಗೆ ಬಾಯಿಪಾಠ. ಉಪ್ಪುನೀರಿಗೆ ತಿನ್ನಲು ಯಾವುದೋ ಒಂದು ಲೋಹ ಬೇಕೇ ಬೇಕು. ದೋಣಿಯ ತಳಕ್ಕೆ ಜಿಂಕಿನ, ಅಂದರೆ ಸತುವಿನ, ಒಂದು ಗಟ್ಟಿ ಬಿಗಿದು, ಅದರಿಂದ ವಾಲ್ವಿಗೆ ತಂತಿ ಎಳೆದಿಟ್ಟರೆ ನೀರು ಜಿಂಕನ್ನು ತಿಂದು ಸುಮ್ಮನಾಗುತ್ತದೆ. ಜಿಂಕು ಸಿಗದಿದ್ದರೆ ಹಿತ್ತಾಳೆಯನ್ನು ತಿನ್ನುತ್ತದೆ. “ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಅದು ಹಿತ್ತಾಳೆ ಅಲ್ಲ ಕಣಮ್ಮ, ಬಿಸ್ಕತ್ತು.”

ಇಲಿ ಹಾಗೇ ಮಲಗಿದ್ದಳು. ಮೇಲೆ ಅತ್ತಿಗೆ ಮಕ್ಕಳಿಬ್ಬರಿಗೂ ತೇಲುವ ಜಾಕೆಟ್ಟು ತೊಡಿಸುತ್ತಿದ್ದಳು. “ಅತ್ತೆ ದೋಣಿ ಬಿಡ್ತಾಳಂತೆ!” ಎಂದು ಸಣ್ಣವನು ಕುಣಿಯುತ್ತಿದ್ದ. ಹೊರಗೆ ಕ್ರೇನು ಎಂಟನೇ ದೋಣಿಯನ್ನೋ ಒಂಬತ್ತನೆಯದನ್ನೋ ಎತ್ತುತ್ತಿತ್ತು.

ಈ ವಾಲ್ವು ಹೋದ ವರ್ಷವೂ ಹೀಗೇ ಇದ್ದಿರಬೇಕು. ಹೋದ ವರ್ಷ ತಡೆದಿತ್ತು. ಇವತ್ತೊಂದು ದಿನ ತಡೆದರೆ ಸಾಕು. ಬಾಯಿ ದಾಟಿ, ಒಂದು ಸುತ್ತು ಹೋಗಿ, ಬಂದು ಕಟ್ಟಿದ ಮೇಲೆ ಹೇಳಬಹುದು. ಪೈಪಿನ ಪಟ್ಟಿಯನ್ನು ಒಂದಿಷ್ಟು ಕೆಳಗೆ ಸರಿಸಿದರೆ ಗೀರು ಮುಚ್ಚಿಹೋಗುತ್ತದೆ. ಈ ಸಂದಿಗೆ ಇನ್ನು ಯಾರ ತಲೆಯೂ ತೂರುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ.

ಅವಳು ಪಟ್ಟಿಯನ್ನು ಕೆಳಗೆ ಸರಿಸಿಯೂ ಸರಿಸಿದಳು. ಗೀರು ಮುಚ್ಚಿತು. ಕನ್ನಡಿಯಲ್ಲಿ ನೋಡಿದಳು, ಚೆನ್ನಾಗಿಯೇ ಕಾಣುತ್ತಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಅಣ್ಣ ಮಾರಿಸುವ ಮನೆಗಳ ಹಾಗೆ. ಆಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಮೇಲೆದ್ದು ಬಂದು, ಏಣಿ ಇಳಿದು, ದೋಣಿಯ ಅಡಿಗೆ ಬಗ್ಗಿದಳು.

ಜಿಂಕಿನ ಗಟ್ಟಿ ಇತ್ತು. ಸವೆದು ಗುಳಿಬಿದ್ದು ಬೆಳ್ಳಗೆ ಕೊಳಕಾಗಿ ಇರಬೇಕಾದ್ದು ಹೊಸದರ ಹಾಗೆ ಇಡಿಯಾಗಿತ್ತು. ತಳದ ನೀಲಿ ಬಣ್ಣವನ್ನೇ ಅದಕ್ಕೂ ದಪ್ಪನಾಗಿ ಬಳಿದಿತ್ತು. ಉಗುರಿನಿಂದ ಕೆರೆದಳು. ಒಂದು ಪದರ, ಎರಡು ಪದರ, ಮೂರು. ಅಪ್ಪ ಹಾಸಿಗೆ ಹಿಡಿದ ವರ್ಷ ತಳದ ಕೆಲಸ ಅಣ್ಣನ ಕೈಗೆ ಬಂದಿತ್ತು. ಅಂದಿನಿಂದ ಮೂರು ಸಲ ಅವನು ಹೊರಗೆ ಬಳಿಯುವಾಗ ಅವಳು ಒಳಗೆ ಮಡ್ಡಿ ತೆಗೆಯುತ್ತಿದ್ದಳು. ಒಳಗಿನವಳು ಹೊರಗನ್ನು ನೋಡಿರಲಿಲ್ಲ, ಹೊರಗಿನವನು ಒಳಗನ್ನು ನೋಡಿರಲಿಲ್ಲ.

“ಅಣ್ಣಾ. ಈ ಜಿಂಕಿಗೆ ಬಣ್ಣ ಬಳಿದೋನು ನೀನೇನಾ?”

“ಯಾವ್ದಕ್ಕೆ?” ಅಣ್ಣ ಬಗ್ಗಿ ನೋಡಿದ. “ಹ್ಞಾಂ. ಒಳ್ಳೇ ನೀಲಿ ಮಧ್ಯ ಬಿಳೀ ಕಜ್ಜಿ ಇದ್ದಂಗಿತ್ತು. ಯಾಕೆ?”

“ಅದಕ್ಕೆ ಬಣ್ಣ ಬಳೀಬಾರ್ದು ಕಣೋ. ನೀರು ತಾಗದಿದ್ರೆ ಅದು ಇದ್ದೂ ಇಲ್ಲ. ನೀರು ವಾಲ್ವನ್ನ ತಿಂದಿದೆ. ಪುಡಿಪುಡಿಯಾಗಿದೆ. ಇವತ್ತು ದೋಣಿ ಇಳಿಸೋಕಾಗಲ್ಲ.”

ಅಣ್ಣ ಗಡಿಯಾರ ನೋಡಿಕೊಂಡ. ಹತ್ತೂಕಾಲು. “ಏನ್ ಮಾತಾಡ್ತಿದೀಯಾ? ಹೋದ ವರ್ಷ ಇದೇ ವಾಲ್ವಲ್ಲಿ ಅಷ್ಟು ದೂರ ಹೋಗಿ ಬಂದ್ವಿ.”

“ಬಂದು ನೋಡು.”

ನೋಡಲು ಹೋದ. ಭುಜ ಬಾಗಿಲಲ್ಲೇ ಸಿಕ್ಕಿಕೊಂಡಿತು. ಕನ್ನಡಿ ಕೊಟ್ಟಳು, ಟಾರ್ಚ್ ಹಿಡಿದಳು. “ಏನೋ ಕೆಂಪಗೆ ಕಾಣುತ್ತಪ್ಪ” ಅಂದ. “ಹಿತ್ತಾಳೆ ಅಂದ್ಮೇಲೆ ಹಾಗೇ ಇರುತ್ತೆ.” ಹಿಂದಕ್ಕೆ ಸರಿದು ಅಂಗಿ ಕೊಡವಿಕೊಂಡ. ಆಮೇಲೆ ದನಿ ಮೆತ್ತಗೆ ಮಾಡಿ, ಗಿರಾಕಿಗಳ ಹತ್ತಿರ ಆಡುವ ದನಿಯಲ್ಲಿ ಅಂದ: “ನೋಡು, ಭಯ ಆಗ್ತಿದ್ರೆ ಹೇಳ್ಬಿಡು. ಅದರಲ್ಲಿ ನಾಚಿಕೆ ಏನಿಲ್ಲ. ನಾನೇ ಬಾಯಿ ದಾಟಿಸ್ತೀನಿ, ಆಚೆ ಹೋದ್ಮೇಲೆ ನೀನ್ ತಗೋ.”

ಇಲಿ ಟಾರ್ಚ್ ಆರಿಸಿದಳು.

“ಭಯನಾ?”

“ಮತ್ತಿನ್ನೇನು? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

ಅಷ್ಟರಲ್ಲಿ ಮೇಸ್ತ್ರಿ ಏಣಿಯ ಬುಡದಲ್ಲಿ ನಿಂತಿದ್ದ. “ಏನಮ್ಮ, ಕ್ರೇನಿನ ಪಟ್ಟಿ ಹಾಕಿಸ್ಲಾ?”

ಅವಳು ಹೇಳಿದಳು. ಮೇಸ್ತ್ರಿ ಹತ್ತಿ ಬಂದು, ತನ್ನ ಹೊಟ್ಟೆಯನ್ನೂ ಸಂದಿಯನ್ನೂ ಒಮ್ಮೆ ನೋಡಿ, ತಲೆ ಕೆರೆದುಕೊಂಡ. “ನಾನು ನೋಡ್ದೇ ಇರೋದನ್ನ ಹೇಗಮ್ಮ ಹೇಳ್ಲಿ? ದೋಣಿ ನಿಮ್ದು, ಇಬ್ರೂ ಕೂತು ಒಂದು ಮಾತು ಹೇಳಿ. ಹಿಂದೆ ಆರು ದೋಣಿ ಕಾಯ್ತಿವೆ.”

“ಇಳಿಸಿ” ಎಂದ ಅಣ್ಣ.

ಅಪ್ಪ ಒಂದು ಪರೀಕ್ಷೆ ಕಲಿಸಿದ್ದರು. ಸುತ್ತಿಗೆಯಿಂದ ಮೆತ್ತಗೆ ತಟ್ಟಬೇಕು. ಒಳ್ಳೆಯ ಹಿತ್ತಾಳೆ ಗಂಟೆಯ ಹಾಗೆ ಟಣ್ ಅನ್ನುತ್ತದೆ. ಇಲಿ ಸುತ್ತಿಗೆ ತೆಗೆದುಕೊಂಡು ಒಳಗೆ ತೂರಿದಳು. “ಇಬ್ರೂ ಕೇಳಿಸ್ಕೊಳ್ಳಿ” ಎಂದಳು. ತಟ್ಟಿದಳು. ಬಾಗಿಲು ತಟ್ಟಿದಷ್ಟು ಜೋರಾಗಿ, ಅದಕ್ಕಿಂತ ಹೆಚ್ಚಲ್ಲ.

ಟಣ್ ಅನ್ನಲಿಲ್ಲ. ರೊಟ್ಟಿ ಮುರಿದ ಸದ್ದು ಬಂತು. ವಾಲ್ವು ಕುತ್ತಿಗೆಯಲ್ಲಿ ಮುರಿದು, ಪೈಪಿನ ಜೊತೆ ಅವಳ ಮೊಣಕೈ ಮೇಲೆ ಬಿತ್ತು. ತಳದ ತೂತಿನಿಂದ ಹಗಲ ಬೆಳಕು ಬಂದು ಅವಳ ಮುಖದ ಮೇಲೆ ದುಂಡಗೆ ನಿಂತಿತು.

ಅಣ್ಣ ಬಾಗಿಲಲ್ಲಿ ಬಗ್ಗಿ ಆ ಬೆಳಕನ್ನು ನೋಡಿದ. ಕೇಳಿದ: “ಒಡೆದ್ಯಾ?”

“ತಟ್ಟಿದೆ.”

“ಒಡೆದ್ಬಿಟ್ಟಳು” ಎಂದು ಅಣ್ಣ ಮೇಸ್ತ್ರಿಗೆ ಹೇಳಿದ. ಮೇಲೆ ಹೋಗಿ ಅತ್ತಿಗೆಗೂ ಅದನ್ನೇ ಹೇಳಿದ. “ಇಳಿಸೋ ದಿನ ಸುತ್ತಿಗೆ ತಗೊಂಡು ವಾಲ್ವು ಒಡೆದ್ಲು.” ಸಣ್ಣವನು ಅಳಲು ಶುರುಮಾಡಿದ. ಅವನ ಜಾಕೆಟ್ಟಿನ ಗುಂಡಿ ಬಿಚ್ಚುತ್ತ ಅತ್ತಿಗೆ ಇಲಿಯ ಕಡೆ ನೋಡಲೂ ಇಲ್ಲ.

“ತೂತಿಗೆ ಮರದ ಬೆಣೆ ಹೊಡೆದು ಇಳಿಸೋಣ ಮೇಸ್ತ್ರಿ” ಎಂದು ಅಣ್ಣ ಗೋಗರೆದ.

“ಬೆಣೆ ಇರೋದು ನಡುಕಡಲಲ್ಲಿ ಜೀವ ಉಳಿಸ್ಕೊಳ್ಳೋಕೆ ಸ್ವಾಮಿ. ಬೆಣೆ ಹೊಡೆದ ದೋಣಿನ ನಾನು ಇಳಿಸಲ್ಲ.”

ಹನ್ನೊಂದಕ್ಕೆ ಕ್ರೇನು ಅವರ ದೋಣಿಯನ್ನು ದಾಟಿ ಪಕ್ಕದ ದೋಣಿಗೆ ಪಟ್ಟಿ ಹಾಕಿತು. ಇಲಿ ಮುರಿದ ತುಂಡನ್ನು ಮೇಸ್ತ್ರಿಯ ಅಂಗೈಯಲ್ಲಿ ಇಟ್ಟಳು. ಅವನು ಹೆಬ್ಬೆರಳಿನಿಂದ ತಿಕ್ಕಿದ, ಗುಲಾಬಿ ಪುಡಿ ಉದುರಿತು.

“ಇದು ನೀರಲ್ಲಿ ನಿಲ್ತಿತ್ತಾ ಮೇಸ್ತ್ರಿ? ನಿಜ ಹೇಳಿ.”

ಇಲ್ಲ, ಮುಳುಗುತ್ತಿತ್ತು, ನೀನು ಉಳಿಸಿದೆ ಎಂದು ಅವನು ಅಣ್ಣನಿಗೆ ಕೇಳುವ ಹಾಗೆ ಹೇಳಲಿ ಎಂದು ಅವಳು ಕಾದಳು. ಮೇಸ್ತ್ರಿ ಸುಳ್ಳು ಹೇಳುವವನಲ್ಲ.

“ಏನ್ ಹೇಳ್ಲಮ್ಮ. ಈ ಮಧ್ಯಾಹ್ನಾನೇ ಹೋಗ್ಬಹುದಿತ್ತು. ಯಾರೂ ಮುಟ್ಟದೇ ಇದ್ರೆ ಇನ್ನೊಂದು ವರ್ಷ ಎಳೀಬಹುದಿತ್ತು. ಇಂಥದ್ದನ್ನ ಎರಡೂ ನೋಡಿದೀನಿ.”

ಅವನು ತುಂಡನ್ನು ವಾಪಸ್ ಕೊಟ್ಟು, ಗೇಟಿನ ಹತ್ತಿರ ಹೋಗಿ, ಹನ್ನೊಂದು ಗಂಟೆಯ ಸಾಲನ್ನು ಅಂಗಿಯ ತೋಳಿನಿಂದ ಒರೆಸಿದ.

ಮನೆಗೆ ಅವಳಿಗಿಂತ ಮೊದಲು ಸುದ್ದಿ ಮುಟ್ಟಿತ್ತು. ಅಮ್ಮ ಬಾಗಿಲಲ್ಲೇ ಕೇಳಿದಳು: “ಸುತ್ತಿಗೆ ಯಾಕೆ ತಗೊಂಡೆ ನೀನು? ಬಾಯಲ್ಲಿ ಹೇಳೋಕೆ ಆಗ್ತಿರ್ಲಿಲ್ವಾ?”

“ಬಾಯಲ್ಲೇ ಹೇಳಿದೆ ಅಮ್ಮ.”

“ಮಕ್ಕಳು ಎಷ್ಟು ಆಸೆ ಇಟ್ಕೊಂಡಿದ್ವು.”

ಇಲಿ ಸ್ನಾನಕ್ಕೆ ಹೋದಳು.

ಮುಂದಿನ ಭಾನುವಾರ ಯಾರ್ಡು ಖಾಲಿಯಾಗಿತ್ತು. ದೋಣಿಗಳೆಲ್ಲ ನೀರಿಗಿಳಿದು ಬರಿಯ ಆಧಾರದ ಮರಗಳು ನಿಂತಿದ್ದವು, ನಡುವೆ ಇವರದೊಂದೇ ದೋಣಿ. ತೂತು ಹಾಗೇ ಬಿಟ್ಟರೆ ಹೆಗ್ಗಣ ಸೇರಿಕೊಂಡಾವು ಎಂದು ಮೇಸ್ತ್ರಿ ಹೇಳಿ ಕಳಿಸಿದ್ದ. ಅಣ್ಣ ಹೊಸ ವಾಲ್ವು ತಂದಿದ್ದ.

“ನಿನ್ ಕೈನೇ ಬೇಕಲ್ಲ” ಎಂದ, ಸಿಟ್ಟೇನೂ ಇಲ್ಲದೆ. ಅವನು ಸಿಟ್ಟನ್ನು ಬಹಳ ದಿನ ಇಟ್ಟುಕೊಳ್ಳುವವನಲ್ಲ, ಅದು ಎಲ್ಲರೂ ಒಪ್ಪುವ ಮಾತು.

ಇಲಿ ದೋಣಿಯ ಅಡಿ ನೋಡಿದಳು. ಅಲ್ಲಿ ಹೊಚ್ಚಹೊಸ ಜಿಂಕಿನ ಗಟ್ಟಿ, ಬಣ್ಣವಿಲ್ಲದೆ, ಬೆಳ್ಳಗೆ ಹೊಳೆಯುತ್ತಿತ್ತು.

“ಹಳೇದೆಲ್ಲಿ?”

“ಗುಜರಿಗೆ ಹಾಕ್ದೆ. ಯಾಕೆ, ಬೇಕಿತ್ತಾ?”

“ಬೇಡ.”

ಒಳಗೆ ಹೋಗಿ ಮಲಗಿದಳು. ತಲೆ ಬೋಗುಣಿಯ ಕೆಳಗೆ, ಎಡಗೈ ಪಂಪಿನ ಹಿಂದಿನಿಂದ. ಹೋಗುವುದಿಲ್ಲ ಎನ್ನಬಹುದಿತ್ತು. ಆದರೆ ಅವನ ಭುಜ ತೂರುವುದಿಲ್ಲ ಎನ್ನುವುದು ನಿಜವೇ, ಕೆಟ್ಟದಾಗಿ ಕೆಲಸ ಮಾಡುವುದು ಅವಳಿಗೆ ಬಾರದು ಎನ್ನುವುದೂ ನಿಜವೇ. ಅಂಟು ಬಳಿದಳು, ಹೊಸ ವಾಲ್ವಿನ ನಟ್ಟು ಹತ್ತಿಸಿದಳು. ಇದು ಒಬ್ಬರ ಕೆಲಸವಲ್ಲ. ಹೊರಗಿನವರು ತಳದಲ್ಲಿ ಕೂತು ಇಕ್ಕಳದಿಂದ ಬಿಗಿಯಾಗಿ ಹಿಡಿದರೇನೇ ಒಳಗಿನವರು ತಿರುಪಬಹುದು.

“ಹಿಡ್ಕೊಂಡಿದೀಯಾ?”

“ಹ್ಞೂಂ, ಹಿಡ್ಕೊಂಡಿದೀನಿ.”

ತಿರುಪಿದಳು. ಎರಡು ಸುತ್ತು ಕಚ್ಚಿತು. ಮೂರನೇ ಸುತ್ತಿಗೆ ನಟ್ಟಿನ ಜೊತೆಗೆ ಇಡೀ ವಾಲ್ವೇ ಸಲೀಸಾಗಿ ತಿರುಗತೊಡಗಿತು. ಕೆಳಗೆ ಯಾರೂ ಹಿಡಿದಿರಲಿಲ್ಲ. ತಳದಾಚೆಯಿಂದ ಅಣ್ಣನ ದನಿ ಸ್ಪಷ್ಟವಾಗಿ ಬರುತ್ತಿತ್ತು. ಯಾರೋ ದಾರಿಯಲ್ಲಿ ಹೋಗುವವರು ನಿಂತು, ನಿಮ್ಮದೊಂದೇ ಯಾಕೆ ಮೇಲಿದೆ ಎಂದು ಕೇಳಿರಬೇಕು.

“ಅಯ್ಯೋ, ಅದನ್ನ ಯಾಕೆ ಕೇಳ್ತೀರಾ ಸಾರ್. ನನ್ ತಂಗಿ ಇದ್ದಾಳಲ್ಲ, ಇಳಿಸೋ ದಿನ ಬೆಳಿಗ್ಗೆ ಇದ್ದಕ್ಕಿದ್ದಂಗೆ ದೊಡ್ಡ ಸುತ್ತಿಗೆ ತಗೊಂಡು ಒಳಗೆ ಹೋದ್ಲು. ಒಂದೇಟಲ್ಲ, ಮೂರೇಟು...”

ಇಲಿ ನಟ್ಟು ತಿರುಪುವ ಸ್ಪ್ಯಾನರನ್ನು ಎದೆಗೆ ಆನಿಸಿ ಹಿಡಿದುಕೊಂಡಳು. ಅಂಟು ಒಣಗಲು ಇನ್ನೂ ಹತ್ತು ನಿಮಿಷವಿತ್ತು. ಮಗ್ಗುಲಾಗಿ ಮಲಗಿಕೊಂಡೇ ಆ ಕಥೆ ಮುಗಿಯುವುದನ್ನು ಕಾದಳು.